ತಾಮ್ರದ ತಳದ ಹಡಗು ಟಿಪ್ಪು ಕಂಡುಹಿಡಿದದ್ದೇ?

ಹಡಗಿನ ತಳಕ್ಕೆ ತಾಮ್ರ ಹೊದಿಸುವ ಉಪಾಯ ಟಿಪ್ಪು ಸುಲ್ತಾನನದ್ದೇ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಇದನ್ನು ಫಾರ್ವರ್ಡ್ ಮಾಡಲು ಕೈ ತುರಿಸುವುದು ಸಹಜ. ಶ್ರೀರಂಗಪಟ್ಟಣ ನಮ್ಮದೇ ಜಿಲ್ಲೆಯಲ್ಲಿದೆಯಲ್ಲ! ಆದರೆ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿಗೆ ತಾಮ್ರ ಹೊದಿಸಿ ಪರೀಕ್ಷಿಸಿದ್ದು 1761ರಲ್ಲಿ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಆಗ ಇನ್ನೂ ಹತ್ತು ವರ್ಷದ ಆಸುಪಾಸಿನ ಹುಡುಗ.

ತಾಮ್ರವೇ ಯಾಕೆ ಬೇಕಿತ್ತು? ಸಮುದ್ರದಲ್ಲಿ ಮರ ಕೊರೆಯುವ, ಹುಳುವಿನಂತೆ ಕಾಣುವ ಒಂದು ಜೀವಿ ಇದೆ. ಒಳ್ಳೆಯ ಹಲಗೆಯನ್ನೂ ಅದು ಜರಡಿ ಮಾಡಿಬಿಡುತ್ತದೆ. ಜೊತೆಗೆ ಪಾಚಿ, ಚಿಪ್ಪುಜೀವಿಗಳು ತಳಕ್ಕೆ ಅಂಟಿ ಹಡಗಿನ ವೇಗ ಇಳಿಸುತ್ತವೆ. ತಾಮ್ರ ನೀರಿನಲ್ಲಿ ಬಹಳ ನಿಧಾನವಾಗಿ ಕರಗುತ್ತಾ ಇವುಗಳಿಗೆ ವಿಷವಾಗುತ್ತದೆ. ತೊಡಕೂ ಇದೆ: ಉಪ್ಪುನೀರಿನಲ್ಲಿ ತಾಮ್ರಕ್ಕೆ ತಾಗಿಕೊಂಡ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ 1890ರ ದಶಕದಲ್ಲಿ ಅಮೆರಿಕದವರು ಅನಾಪೊಲಿಸ್ ಮಾದರಿಯ ಗನ್‌ಬೋಟ್‌ಗಳನ್ನು ಕಟ್ಟುವಾಗ, ಉಕ್ಕಿನ ಚೌಕಟ್ಟಿಗೆ ನೀರಿನಲ್ಲಿ ಮುಳುಗುವ ಭಾಗದಲ್ಲಿ ಮರದ ಹಲಗೆ ಜೋಡಿಸಿ, ಅದರ ಮೇಲೆ ತಾಮ್ರದ ತಗಡು ಹೊಡೆದರು. ರಿಪೇರಿಗೆ ಅನುಕೂಲವಿಲ್ಲದ ದೂರದ ಕಡಲುಗಳಲ್ಲಿ ಇದು ಉಪಯೋಗಕ್ಕೆ ಬರುತ್ತಿತ್ತು.

ನಮ್ಮ ಪ್ರಕಾರ ಟಿಪ್ಪುವಿನ ನಿಜವಾದ ಕಥೆ ಈ ಫಾರ್ವರ್ಡ್‌ಗಿಂತ ಸ್ವಾರಸ್ಯದ್ದು. ತಂದೆ ಹೈದರಾಲಿ ಮಂಗಳೂರಿನಲ್ಲಿ ಕಟ್ಟಿಸಿದ್ದ ನೌಕಾಪಡೆ 1768ರಲ್ಲಿ ಒಮ್ಮೆ, 1780ರಲ್ಲಿ ಮತ್ತೊಮ್ಮೆ ಬ್ರಿಟಿಷರ ದಾಳಿಗೆ ಸಿಕ್ಕಿ ಹಾಳಾಯಿತು. 1782ರ ಕೊನೆಯಲ್ಲಿ ಹೈದರಾಲಿ ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಇಷ್ಟಾದ ಮೇಲೂ 1796ರಲ್ಲಿ, ಕಡಲಿನಿಂದ ಇಷ್ಟು ದೂರದ ಶ್ರೀರಂಗಪಟ್ಟಣದಲ್ಲಿ ಕೂತು, ಸುಮಾರು 40 ಯುದ್ಧನೌಕೆಗಳ ಯೋಜನೆ ಹಾಕಿದ. ಉಸ್ತುವಾರಿಗೆ ಹನ್ನೊಂದು ಮಂದಿಯ ಮಂಡಳಿ, ಹಡಗು ಕಟ್ಟಲು ಮಂಗಳೂರು ಮತ್ತು ಉತ್ತರ ಕನ್ನಡದ ಕರಾವಳಿ ಎಂದು ಗೊತ್ತುಮಾಡಿದ. ಬಂದರಿಗೆ ಬರುವ ಶತ್ರುವನ್ನು ಕೋಟೆಯೊಂದರಿಂದಲೇ ತಡೆಯಲಾಗದು ಎಂಬುದು ಅವನಿಗೆ ಅರ್ಥವಾಗಿತ್ತು ಎಂದು ನಮಗನಿಸುತ್ತದೆ.

ಯೋಜನೆ ಪೂರ್ತಿಯಾಗಲು ಕಾಲ ಸಿಗಲಿಲ್ಲ. 1799ರಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಬಂದದ್ದು ನೆಲದ ದಾರಿಯಲ್ಲಿ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ನಡೆದ ಕಾಳಗದಲ್ಲಿ ಟಿಪ್ಪು ಹಿಮ್ಮೆಟ್ಟಿದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಅಲ್ಲೇ ಹೋರಾಡುತ್ತಾ ಸತ್ತ.