ಮನೆಯ ಕಥೆಯನ್ನೇ ಕಾದಂಬರಿಯಾಗಿಸಿದ ಎಂ.ಕೆ. ಇಂದಿರಾ

ಕೆಂಪು ಸೀರೆಯುಟ್ಟು, ತಲೆಯ ತುಂಬ ಸೆರಗು ಹೊದ್ದು, ಮಡಿಯಲ್ಲಿ ಒಂದು ಮೂಲೆ ಹಿಡಿದು ಕೂತಿರುತ್ತಿದ್ದ ಅಜ್ಜಿ ನಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಂಥ ಅಜ್ಜಿಯೊಬ್ಬರನ್ನು ಕನ್ನಡಿಗರು ಮರೆಯದಂತೆ ಮಾಡಿದವರು ಎಂ.ಕೆ. ಇಂದಿರಾ.

1917ರ ಜನವರಿ 5ರಂದು ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ತಂದೆ ತರೀಕೆರೆ ಸೂರ್ಯನಾರಾಯಣ ರಾವ್, ತಾಯಿ ಬನಶಂಕರಮ್ಮ. ನಾವಿಂದು ನೆಲೆಸಿರುವ ವಡೋದರಾದಲ್ಲಿ ಸಯ್ಯಾಜಿರಾವ್ ಮಹಾರಾಜರು 1906ರಲ್ಲೇ ಹೆಣ್ಣುಮಕ್ಕಳಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದರು. ಆದರೆ ಮಲೆನಾಡಿನ ಈ ಹುಡುಗಿಗೆ 12ನೇ ವಯಸ್ಸಿಗೇ ಮದುವೆಯಾಗಿ ಶಾಲೆ ನಿಂತುಹೋಯಿತು. ಓದು ಮಾತ್ರ ನಿಲ್ಲಲಿಲ್ಲ. ಸಂಸಾರದ ನಡುವೆಯೇ ಕನ್ನಡ ಕಾವ್ಯ, ಹಿಂದಿ ಸಾಹಿತ್ಯ ಓದಿಕೊಂಡರು. ಕಾದಂಬರಿ ಬರೆಯಲು ಕೂತಾಗ ವಯಸ್ಸು 45ರ ಆಸುಪಾಸು.

1963ರಲ್ಲಿ 'ತುಂಗಭದ್ರಾ' ಬಂತು. ಆಮೇಲೆ 'ಸದಾನಂದ', 'ನವರತ್ನ'. ಅವರ 'ಗೆಜ್ಜೆ ಪೂಜೆ'ಯನ್ನು ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು.

ಎಲ್ಲಕ್ಕೂ ಮಿಗಿಲಾದದ್ದು 1976ರ 'ಫಣಿಯಮ್ಮ'. ಇದು ಅವರ ಮನೆತನದ ಹಿರಿಯಜ್ಜಿಯ ಬದುಕು. ಆ ಅಜ್ಜಿ ತಾಯಿಗೆ ಹೇಳಿದ್ದನ್ನು, ತಾಯಿ ಮಗಳಿಗೆ ಹೇಳಿದರು, ಮಗಳು ಬರೆದರು. ಒಂಬತ್ತರ ಮದುವೆ, ಹಾವು ಕಚ್ಚಿ ಗಂಡನ ಸಾವು, ಮೈನೆರೆದ ಮೇಲೆ ಕೇಶಮುಂಡನ, ನೂರು ದಾಟಿದ ಆಯುಷ್ಯ. ಇತ್ತ ಸೂರತ್ತಿನ ಕವಿ ನರ್ಮದ್ ವಿಧವಾವಿವಾಹದ ಪರವಾಗಿ ಬರೆದು, ತಾವೇ ವಿಧವೆಯನ್ನು ವರಿಸಿದ್ದೂ ಆ 19ನೇ ಶತಮಾನದಲ್ಲೇ. ಆ ಗಾಳಿ ಫಣಿಯಮ್ಮನ ಮನೆಯ ಹೊಸ್ತಿಲು ದಾಟಲಿಲ್ಲ.

ಆದರೂ ಫಣಿಯಮ್ಮ ಕಹಿಯಾಗಲಿಲ್ಲ. ಜಾತಿ ನೋಡದೆ ದಲಿತ ಹೆಣ್ಣುಮಗಳ ಹೆರಿಗೆ ಮಾಡಿಸಿದರು. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಂತರು. ತನಗಾದದ್ದು ಇನ್ನೊಬ್ಬಳಿಗೆ ಬೇಡ ಎನ್ನುವುದೇ ಆ ಬದುಕಿನ ತಿರುಳು. ಇಂದಿರಾ ಅದನ್ನು ಗೋಳಾಗಿಸದೆ, ಮಲೆನಾಡಿನ ಮನೆಮಾತಿನಲ್ಲೇ ಹೇಳಿದರು.

ಈ ಕೃತಿಗೂ ರಾಜ್ಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರೇಮಾ ಕಾರಂತರು ಚಲನಚಿತ್ರ ಮಾಡಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಇಂದಿರಾ 1994ರ ಮಾರ್ಚ್‌ನಲ್ಲಿ ತೀರಿಕೊಂಡರು.

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಮನೆ ಮಾಡಿರುವ ನಮಗೆ ಅವರು ಬಿಟ್ಟುಹೋದ ಪಾಠ ಸರಳ: ಅಮ್ಮ ಹೇಳುವ ಕಥೆಯನ್ನು ಕೇಳಿಸಿಕೊಳ್ಳಿ, ಆದರೆ ಬರೆದಿಡಿ. ಅಜ್ಜಿಯಂದಿರ ಬದುಕು ಯಾವ ದಫ್ತರದಲ್ಲೂ ದಾಖಲಾಗಿರುವುದಿಲ್ಲ.