ಭದ್ರಾವತಿಯ ಹೊಣೆ ಹೊತ್ತ ವಿಶ್ವೇಶ್ವರಯ್ಯನವರು

ಪ್ರತಿವರ್ಷ ಸೆಪ್ಟೆಂಬರ್ 15ರಂದು ಶಿವಮೊಗ್ಗ, ಭದ್ರಾವತಿಗಳ ಕಚೇರಿ, ಕಾಲೇಜುಗಳಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲಾರ್ಪಣೆ ನಡೆಯುತ್ತದೆ. ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಎಂಜಿನಿಯರರು, ಗುಮಾಸ್ತರು, ಕಾರ್ಖಾನೆಯಿಂದ ನಿವೃತ್ತರಾದವರು ಅನೇಕರಿದ್ದಾರೆ. ಇವರೇ ತಮ್ಮ ಆದರ್ಶವೆಂದು ಅವರಲ್ಲಿ ಹಲವರು ಹೇಳುವುದನ್ನು ನಾವು ಕೇಳಿದ್ದೇವೆ. ಆದರೆ ಅವರಿಂದ ಕಲಿತದ್ದೇನು ಎಂದರೆ ಕನ್ನಂಬಾಡಿ ಅಣೆಕಟ್ಟು, ಎರಡು ದೀಪಗಳ ಕಥೆ, ಇಷ್ಟಕ್ಕೇ ಮಾತು ನಿಲ್ಲುತ್ತದೆ. ನಮ್ಮ ಜಿಲ್ಲೆಯ ಕಾರ್ಖಾನೆಗಾಗಿ ಅವರು ದುಡಿದ ವರ್ಷಗಳನ್ನು ನೆನೆಯುವವರು ವಿರಳ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆಯನ್ನು ಮೊದಲಿಗರಾಗಿ ಮುಗಿಸಿ, ಮರುವರ್ಷ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಪುಣೆಯಲ್ಲಿ ಅವರಿಗೆ ಮಹಾದೇವ ಗೋವಿಂದ ರಾನಡೆಯವರ ಒಡನಾಟ ದೊರೆಯಿತು. ರಾನಡೆಯವರು ನ್ಯಾಯಾಧೀಶರು, ಇವರು ನೀರು, ಕಾಲುವೆಗಳ ಕೆಲಸದವರು. ವೃತ್ತಿ ಬೇರೆಯಾದರೂ, ದೇಶದ ಬಡತನ ನೀಗಲು ಕೈಗಾರಿಕೆ ಬೇಕೆಂಬ ಆ ಹಿರಿಯರ ವಿಚಾರವನ್ನು ವಿಶ್ವೇಶ್ವರಯ್ಯನವರು ತಮ್ಮದಾಗಿಸಿಕೊಂಡರು. 1898ರಲ್ಲಿ ಜಪಾನಿಗೆ ಹೋದಾಗಲೂ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಗಮನವಿಟ್ಟು ನೋಡಿ ಬಂದರು. ಮೆಚ್ಚಿದವರ ವೇಷವನ್ನಾಗಲಿ ಮಾತಿನ ಧಾಟಿಯನ್ನಾಗಲಿ ಅನುಕರಿಸದೆ, ಒಂದು ವಿಚಾರವನ್ನು ಹಿಡಿದು ಅದನ್ನು ತಮ್ಮ ಕೆಲಸದಲ್ಲಿ ಬೆಳೆಸಿದರು.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಹಿಂದುಳಿದವರಿಗೆ ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯ ಕಲ್ಪಿಸುವ ಸಲುವಾಗಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನರು ಅದನ್ನು ಒಪ್ಪಲಿಲ್ಲ. ಅವರು ಅಧಿಕಾರ ಬಿಡಲು ಈ ಭಿನ್ನಾಭಿಪ್ರಾಯವೂ ಕಾರಣವಾಯಿತು. ಆ ಸಮಿತಿಯ ಶಿಫಾರಸಿನಿಂದ ನಮ್ಮ ಸಮಾಜದ ಮಕ್ಕಳಿಗೂ ಸೇವೆಯ ಬಾಗಿಲು ತೆರೆಯಿತು. ಮಹಾರಾಜರ ನಿರ್ಧಾರವೇ ಸರಿಯಾಗಿತ್ತೆಂಬುದು ನಮ್ಮ ಅಭಿಪ್ರಾಯ. ಆದರ್ಶವೆಂದು ಕಂಡವರ ಎಲ್ಲ ನಿಲುವುಗಳಿಗೂ ತಲೆದೂಗಬೇಕಾಗಿಲ್ಲ. ಒಂದು ನಿಲುವು ಒಪ್ಪಿಗೆಯಾಗಲಿಲ್ಲವೆಂದು ಅವರ ಕೆಲಸದ ಶಿಸ್ತನ್ನು ಕಡೆಗಣಿಸಿದರೆ ನಷ್ಟ ನಮಗೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರ ದಿವಾನಗಿರಿಯ ಕೊನೆಯ ದಿನಗಳ ಯೋಜನೆ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಿಲಿನಿಂದ ಕರಗಿಸುವ ಏರ್ಪಾಡು. 1923ರಲ್ಲಿ ಕುಲುಮೆ ಉರಿಯುವ ವೇಳೆಗೆ ಯುದ್ಧಕಾಲದ ಬೆಲೆ ಕುಸಿದಿತ್ತು. ನಷ್ಟ ಏರಿತು, ಟೀಕೆಯೂ ಏರಿತು. ಅರವತ್ತು ದಾಟಿದ ವಿಶ್ವೇಶ್ವರಯ್ಯನವರನ್ನು ಮಹಾರಾಜರು ಮತ್ತೆ ಕರೆದರು. ದಿವಾನರಾಗಿದ್ದವರು ನಷ್ಟದ ಕಾರ್ಖಾನೆಯ ಆಡಳಿತ ಮಂಡಳಿಗೆ ಅಧ್ಯಕ್ಷರಾಗಿ ಬರುವುದು ಗೌರವಕ್ಕೆ ಕಡಿಮೆಯೆಂದು ಹಿಂಜರಿಯಬಹುದಿತ್ತು. ಅವರು ಹಾಗೆ ಎಣಿಸಲಿಲ್ಲ. ವೆಚ್ಚದ ಲೆಕ್ಕವನ್ನು ಬಿಗಿಗೊಳಿಸಿದರು. ಬರಿಯ ಬೀಡುಕಬ್ಬಿಣವನ್ನೇ ನಂಬದೆ ಎರಕದ ಕೊಳವೆಗಳ ತಯಾರಿಕೆಗೂ ಗಮನ ಕೊಟ್ಟರು. ಅಮೆರಿಕದ ತಜ್ಞರ ಕೈಕೆಳಗೆ ನಮ್ಮ ತರುಣರನ್ನು ತರಬೇತಿಗೊಳಿಸಿ, ಕ್ರಮೇಣ ಹೊಣೆಯನ್ನು ಅವರಿಗೇ ವಹಿಸಿದರು. 1929ರವರೆಗೆ ಈ ದುಡಿಮೆ ನಡೆಯಿತು. ತರಬೇತಾದ ಕೈಗಳು ಊರಿನಲ್ಲಿಯೇ ಉಳಿದವು. ನಮ್ಮ ದೃಷ್ಟಿಯಲ್ಲಿ ಅಣೆಕಟ್ಟಿಗಿಂತಲೂ ಇದೇ ದೊಡ್ಡ ಕೆಲಸ.

ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸುವುದು ನಮ್ಮವರಿಗೆ ಹೊಸದಲ್ಲ. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಔದ್ಯೋಗಿಕ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಲು ಬಿಟ್ಟುಕೊಟ್ಟರು. ಇಂದಿಗೂ ಅದು ಜಯಚಾಮರಾಜೇಂದ್ರರ ಹೆಸರಿನಲ್ಲಿದೆ, ಧನವಿತ್ತವರ ಹೆಸರಿನಲ್ಲಿಲ್ಲ.

1955ರಲ್ಲಿ ಭಾರತರತ್ನ ಅವರನ್ನು ಅರಸಿ ಬಂದಿತು. 1962ರಲ್ಲಿ, ನೂರು ದಾಟಿದ ಮೇಲೆ, ದೇಹ ಬಿಟ್ಟರು. ಕಾರ್ಖಾನೆ ಮುಂದೆ ಅವರ ಹೆಸರನ್ನೇ ಪಡೆಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಭದ್ರಾವತಿಯ ಕಾರ್ಮಿಕರು ಧರಣಿ ಕುಳಿತರು. ಆ ದಿನಗಳಲ್ಲಿ ಅಲ್ಲಿನ ಭಕ್ತರ ಮುಖ ನೋಡಿದವರು ನಾವು. ನಷ್ಟದ ಲೆಕ್ಕವನ್ನು ಎದುರಿಗಿಟ್ಟುಕೊಂಡು ಕೂತು, ದಾರಿ ಹುಡುಕಬಲ್ಲ ಇನ್ನೊಬ್ಬ ಅಧ್ಯಕ್ಷರಿಗಾಗಿ ಅವರು ಕಾಯುತ್ತಿದ್ದರು.