ಅಳತೆಯ ಅರ್ಥ ತಿಳಿಸಿದ ಮಹನೀಯ: ವಾಲ್ಟರ್ ಶೂಹಾರ್ಟ್



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಕಣಗಿನಹಾಳದ ಸಿದ್ದನಗೌಡ ಪಾಟೀಲರಂಥ ಸಹಕಾರಿ ಧುರೀಣರ ಬಗ್ಗೆ ಬರೆಯಲು ನಮಗಿಂತ ತಿಳಿದವರಿದ್ದಾರೆ. ನಾವು ಆರಿಸಿಕೊಂಡದ್ದು ಅಮೆರಿಕದ ಒಬ್ಬ ವಿಜ್ಞಾನಿಯನ್ನು. ಅವರು ಹಸು ಕಟ್ಟಿದವರಲ್ಲ, ಸಂಘ ಕಟ್ಟಿದವರೂ ಅಲ್ಲ. ಆದರೆ ಬೆಳಿಗ್ಗೆ ಸಂಜೆ ಹಾಲು ಅಳೆಯುವ ನಮಗೂ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮೂರ ಮಕ್ಕಳಿಗೂ ಅವರು ಒಂದೇ ಪಾಠ ಹೇಳಿಕೊಟ್ಟಿದ್ದಾರೆ. ಗುಣಮಟ್ಟ ನಿಯಂತ್ರಣದ ಪಿತಾಮಹ ಎಂದು ಕಾರ್ಖಾನೆಗಳ ಲೋಕದಲ್ಲಿ ಹೆಸರಾದ ಅವರೇ ಡಾ. ವಾಲ್ಟರ್ ಶೂಹಾರ್ಟ್.

ಅವರ ಕಥೆಗೆ ಹೋಗುವ ಮುಂಚೆ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸಂಘದ ಮೊದಲ ವರ್ಷಗಳಲ್ಲಿ ಒಂದು ತಿಂಗಳು ಸರಾಸರಿ ಫ್ಯಾಟ್ ಸ್ವಲ್ಪ ಇಳಿಯಿತು. ಡೈರಿ ಮುಂದೆ ಗುಸುಗುಸು ಶುರುವಾಯಿತು. ಆಡಳಿತ ಮಂಡಳಿಯಲ್ಲಿದ್ದ ನಾವು ಹಿಂದುಮುಂದು ನೋಡದೆ ಹಾಲು ಪರೀಕ್ಷಕ ಹುಡುಗನನ್ನು ಕೆಲಸದಿಂದ ಬಿಡಿಸಿದೆವು. ಹೊಸಬ ಬಂದ. ಮುಂದಿನ ತಿಂಗಳು ಫ್ಯಾಟ್ ಏರಿತು. ಸರಿಯಾದ ಕ್ರಮ ತೆಗೆದುಕೊಂಡೆವು ಅಂತ ಬೆನ್ನು ತಟ್ಟಿಕೊಂಡೆವು. ಅದರ ಮುಂದಿನ ತಿಂಗಳು ಮತ್ತೆ ಇಳಿಯಿತು. ಆಮೇಲೆ ಹಳೇ ರಿಜಿಸ್ಟರ್ ತೆಗೆದು ನೋಡಿದರೆ ಅಷ್ಟೇ ಇಳಿದ ತಿಂಗಳುಗಳು ಹಿಂದೆಯೂ ಎಷ್ಟೋ ಇದ್ದವು. ಹುಡುಗನದು ಏನೂ ತಪ್ಪಿರಲಿಲ್ಲ. ಅಳತೆ ನಮ್ಮ ಕೈಯಲ್ಲಿತ್ತು, ಅದನ್ನು ಓದುವುದು ಗೊತ್ತಿರಲಿಲ್ಲ. ಅಂಕಿಯನ್ನು ಹೇಗೆ ಓದಬೇಕು ಎನ್ನುವುದೇ ಶೂಹಾರ್ಟರ ಜೀವನದ ಸಾಧನೆ.

ಜನನ, ವಿದ್ಯಾಭ್ಯಾಸ

ಶೂಹಾರ್ಟರು ಹುಟ್ಟಿದ್ದು 1891ರ ಮಾರ್ಚ್ 18ರಂದು, ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿ, 1917ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಭೌತಶಾಸ್ತ್ರ ಓದಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಒಂದೇ ವಸ್ತುವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ. ಈ ತಿಳಿವಳಿಕೆಯನ್ನು ಪ್ರಯೋಗಾಲಯದಿಂದ ಕಾರ್ಖಾನೆಗೆ ತಂದದ್ದೇ ಅವರ ಹೆಚ್ಚುಗಾರಿಕೆ.

ಟೆಲಿಫೋನ್ ಕಾರ್ಖಾನೆಯಲ್ಲಿ

1918ರಲ್ಲಿ ಅವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಅಮೆರಿಕದ ಬೆಲ್ ಟೆಲಿಫೋನ್ ವ್ಯವಸ್ಥೆಗೆ ಬೇಕಾದ ಉಪಕರಣಗಳನ್ನೆಲ್ಲ ಮಾಡಿಕೊಡುತ್ತಿದ್ದ ಕಂಪನಿ ಅದು. ಶಿಕಾಗೋ ಬಳಿಯ ಅದರ ಹಾಥಾರ್ನ್ ಕಾರ್ಖಾನೆ ಉಚ್ಛ್ರಾಯದ ಕಾಲದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತ್ತು. ಟೆಲಿಫೋನ್ ವ್ಯವಸ್ಥೆ ಅಂದರೆ ಮನೆಯಲ್ಲಿರುವ ಒಂದು ಫೋನು ಮಾತ್ರವಲ್ಲ. ತಂತಿ, ಸ್ವಿಚ್ಚು, ಧ್ವನಿ ಹೆಚ್ಚಿಸುವ ಯಂತ್ರ ಹೀಗೆ ಲಕ್ಷಾಂತರ ಭಾಗಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಕೆಲವನ್ನು ನೆಲದಡಿ ಹೂಳಬೇಕಿತ್ತು. ಹೂತದ್ದು ಕೆಟ್ಟರೆ ಅಗೆದು ತೆಗೆಯುವ ಖರ್ಚು ಸಣ್ಣದಲ್ಲ.

ಅಲ್ಲಿಯವರೆಗಿನ ಪದ್ಧತಿ ಏನೆಂದರೆ ಮಾಲು ತಯಾರಾದ ಮೇಲೆ ತಪಾಸಣೆ ಮಾಡಿ, ಕೆಟ್ಟದ್ದನ್ನು ಎತ್ತಿ ಬಿಸಾಡುವುದು. ಜೊತೆಗೆ, ಒಂದು ಭಾಗ ಸ್ವಲ್ಪ ದಪ್ಪ ಬಂತು ಅಂದರೆ ಕೂಡಲೇ ಯಂತ್ರ ತಿರುಗಿಸುವುದು, ಇನ್ನೊಂದು ತೆಳ್ಳಗೆ ಬಂತು ಅಂದರೆ ಮತ್ತೆ ತಿರುಗಿಸುವುದು. ಹೀಗೆ ಅಂಕಿ ಅಲ್ಲಾಡಿದಾಗಲೆಲ್ಲ ಕೈ ಹಾಕಿದರೆ ಮಾಲು ಸುಧಾರಿಸುವ ಬದಲು ಏರುಪೇರು ಇನ್ನೂ ಜಾಸ್ತಿಯಾಗುತ್ತಿತ್ತು. ಸುಮ್ಮನಿದ್ದರೆ ತಪ್ಪು, ಕೈ ಹಾಕಿದರೂ ತಪ್ಪು. ಹಾಗಾದರೆ ಯಾವಾಗ ಕೈ ಹಾಕಬೇಕು?

ಒಂದು ಪುಟದ ಪತ್ರ

1924ರ ಮೇ 16ರಂದು ಶೂಹಾರ್ಟರು ತಮ್ಮ ಮೇಲಧಿಕಾರಿಗೆ ಒಂದು ಚಿಕ್ಕ ಟಿಪ್ಪಣಿ ಕಳುಹಿಸಿದರು. ಉದ್ದ ಸುಮಾರು ಒಂದು ಪುಟ. ಅದರಲ್ಲೂ ಮೂರನೇ ಒಂದು ಪಾಲು ಬರೀ ಚಿತ್ರ. ಆ ಚಿತ್ರವೇ ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ಬಳಸುವ ಕಂಟ್ರೋಲ್ ಚಾರ್ಟ್, ಅಂದರೆ ನಿಯಂತ್ರಣ ನಕ್ಷೆಯ ಮೂಲ.

ಅವರ ವಿಚಾರ ಇಷ್ಟು. ಯಾವ ಕೆಲಸದ ಅಳತೆಯಲ್ಲೂ ಏರಿಳಿತ ಇದ್ದೇ ಇರುತ್ತದೆ. ಅದರಲ್ಲಿ ಎರಡು ಬಗೆ. ಒಂದು, ಆ ಕೆಲಸದ ಪದ್ಧತಿಯಲ್ಲೇ ಬೆರೆತುಹೋಗಿರುವ, ನೂರಾರು ಸಣ್ಣಪುಟ್ಟ ಕಾರಣಗಳಿಂದ ಬರುವ ಸಹಜ ಏರಿಳಿತ. ಇನ್ನೊಂದು, ಹುಡುಕಿದರೆ ಸಿಗುವಂಥ ಒಂದು ವಿಶೇಷ ಕಾರಣದಿಂದ ಬರುವ ಏರಿಳಿತ. ಮೊದಲನೆಯದಕ್ಕೆ ಯಾರನ್ನೋ ಹಿಡಿದು ಬೈದು ಪ್ರಯೋಜನವಿಲ್ಲ. ಅದು ತಗ್ಗಬೇಕಾದರೆ ಪದ್ಧತಿಯನ್ನೇ ಬದಲಿಸಬೇಕು. ಎರಡನೆಯದು ಕಂಡಾಗ ಮಾತ್ರ ಕೂಡಲೇ ಕಾರಣ ಹುಡುಕಬೇಕು. ಇದು ಯಾವುದು, ಅದು ಯಾವುದು ಅಂತ ಗುರುತಿಸಲು ಸರಾಸರಿಯ ಮೇಲೊಂದು ಕೆಳಗೊಂದು ಗೆರೆ ಎಳೆದರು.

ನಮ್ಮ ಹಾಲಿನ ಲೆಕ್ಕದಲ್ಲೇ ನೋಡೋಣ. ಒಂದು ಹಸುವಿನ ಫ್ಯಾಟ್ ಎಂಟು ದಿನ 3.8, 3.6, 3.9, 3.7, 4.0, 3.8, 3.7, 3.9 ಬಂತು ಅಂತ ಇಟ್ಟುಕೊಳ್ಳಿ. ಸರಾಸರಿ 3.8. ಶೂಹಾರ್ಟರ ದಾರಿಯಲ್ಲಿ ನಡೆದವರು ಆಮೇಲೆ ಇಂಥದ್ದಕ್ಕೆ ಒಂದು ಸುಲಭ ಲೆಕ್ಕ ಮಾಡಿದರು. ಒಂದು ದಿನಕ್ಕೂ ಮರುದಿನಕ್ಕೂ ಇರುವ ವ್ಯತ್ಯಾಸಗಳ ಸರಾಸರಿ ತೆಗೆಯಿರಿ. ಇಲ್ಲಿ ಅದು ಸುಮಾರು 0.21. ಅದನ್ನು 2.66ರಿಂದ ಗುಣಿಸಿ, ಬಂದದ್ದನ್ನು 3.8ಕ್ಕೆ ಕೂಡಿಸಿ, 3.8ರಿಂದ ಕಳೆಯಿರಿ. ಮೇಲಿನ ಗೆರೆ ಸುಮಾರು 4.4, ಕೆಳಗಿನ ಗೆರೆ ಸುಮಾರು 3.2. ಎಂಟು ದಿನ ಬಹಳ ಕಡಿಮೆಯಾಯಿತು, ಇಪ್ಪತ್ತು ದಿನದ ಅಂಕಿ ಇದ್ದರೆ ಗೆರೆ ಗಟ್ಟಿ. ನಾಳೆ 3.5 ಬಂದರೆ ಪರೀಕ್ಷಕನ ಮೇಲೆ ಹರಿಹಾಯಬೇಕಾಗಿಲ್ಲ. 2.9 ಬಂದರೆ ಏನೋ ಆಗಿದೆ. ಹಸುವಿಗೆ ಹುಷಾರಿಲ್ಲವೋ, ಮೇವು ಬದಲಾಯಿತೋ, ಕರೆಯುವಾಗ ಕೊನೆಯ ಗಟ್ಟಿ ಹಾಲು ಕರುವಿಗೆ ಹೋಯಿತೋ, ಪರೀಕ್ಷೆಯಲ್ಲೇ ತಪ್ಪಾಯಿತೋ, ನೋಡಲೇಬೇಕು.

ಬಟ್ಟಲು ಮತ್ತು ಬಿಲ್ಲೆ

ಗೆರೆ ಎಳೆದದ್ದು ಬರೀ ಊಹೆಯಿಂದಲ್ಲ. ಶೂಹಾರ್ಟರು ಒಂದು ಬಟ್ಟಲಿಗೆ ಅಂಕಿ ಬರೆದ 998 ಬಿಲ್ಲೆಗಳನ್ನು ಹಾಕಿದರು. ಒಂದು ಬಿಲ್ಲೆ ತೆಗೆಯುವುದು, ಅಂಕಿ ಬರೆದುಕೊಳ್ಳುವುದು, ವಾಪಸ್ಸು ಹಾಕುವುದು, ಕಲಸುವುದು, ಮತ್ತೆ ತೆಗೆಯುವುದು. ಹೀಗೆ 4,000 ಸಲ! ನಾಲ್ಕು ನಾಲ್ಕರ ಸಾವಿರ ಗುಂಪು ಮಾಡಿ ಲೆಕ್ಕ ಹಾಕಿದರು. ಬಟ್ಟಲಿನೊಳಗೆ ಏನೂ ಬದಲಾಗದಿದ್ದರೂ ಕೈಗೆ ಬರುವ ಅಂಕಿ ಎಷ್ಟು ಅಲ್ಲಾಡುತ್ತದೆ ಎನ್ನುವುದನ್ನು ಕಣ್ಣಾರೆ ಕಂಡುಕೊಂಡರು. ಯಾರೂ ತಪ್ಪು ಮಾಡದಿದ್ದರೂ ಅಂಕಿ ಏರುತ್ತದೆ, ಇಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1925ರಲ್ಲಿ ಬೆಲ್ ಪ್ರಯೋಗಾಲಯ ಆರಂಭವಾದಾಗ ಶೂಹಾರ್ಟರು ಅಲ್ಲಿಗೆ ಬಂದರು. 1956ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ದುಡಿದರು. 1931ರಲ್ಲಿ ಅವರ ಮುಖ್ಯ ಗ್ರಂಥ ಹೊರಬಂತು. 1938ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪದವೀಧರ ಶಾಲೆಯಲ್ಲಿ ಉಪನ್ಯಾಸ ಕೊಟ್ಟರು. ಅವರನ್ನು ಕರೆಸಿದವರು ಡಾ. ಎಡ್ವರ್ಡ್ಸ್ ಡೆಮಿಂಗ್. ಮರುವರ್ಷ ಆ ಉಪನ್ಯಾಸಗಳನ್ನು ಸಂಪಾದಿಸಿ ಪುಸ್ತಕ ಮಾಡಿದವರೂ ಅವರೇ. ಹೀಗಿರಬೇಕು ಅಂತ ನಿರ್ಧರಿಸು, ಮಾಡು, ಪರೀಕ್ಷಿಸು, ಕಲಿತದ್ದನ್ನು ಇಟ್ಟುಕೊಂಡು ಮತ್ತೆ ಮೊದಲಿನಿಂದ ನಿರ್ಧರಿಸು ಎಂಬ ಚಕ್ರ ಆ ಪುಸ್ತಕದಲ್ಲಿದೆ. ಶೂಹಾರ್ಟರ ಬರವಣಿಗೆ ಕಬ್ಬಿಣದ ಕಡಲೆ ಅಂತ ಅವರ ಸ್ನೇಹಿತರೇ ಒಪ್ಪಿಕೊಳ್ಳುತ್ತಿದ್ದರು. ಮನುಷ್ಯ ಮಾತ್ರ ಬಲು ಮೃದು, ಸಿಡುಕದವರು, ಗಾಂಭೀರ್ಯ ಬಿಡದವರು ಎಂದು ಡೆಮಿಂಗ್ ನೆನೆಸಿಕೊಂಡಿದ್ದಾರೆ.

ಭಾರತಕ್ಕೂ ಬಂದಿದ್ದರು

ನಮಗೆ ಹೆಮ್ಮೆಯ ವಿಷಯವೊಂದಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1947-48ರಲ್ಲಿ, ಶೂಹಾರ್ಟರು ಭಾರತಕ್ಕೆ ಬಂದರು. ಕರೆಸಿದ್ದು ಪ್ರೊ. ಪಿ. ಸಿ. ಮಹಾಲನೋಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ. ದೇಶ ಸುತ್ತಿ, ಸಭೆ ನಡೆಸಿ, ಕೈಗಾರಿಕೆಯವರಿಗೆ ಈ ವಿದ್ಯೆಯ ಪರಿಚಯ ಮಾಡಿಕೊಟ್ಟರು. 1950ರ ದಶಕದಲ್ಲಿ ಆ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ನಮ್ಮ ಬೆಂಗಳೂರಿನಲ್ಲೂ ಆರಂಭವಾಯಿತು.

ಅತ್ತ 1950ರಲ್ಲಿ ಶಿಷ್ಯ ಸಮಾನರಾದ ಡೆಮಿಂಗ್ ಜಪಾನಿಗೆ ಹೋಗಿ ಇದೇ ಪಾಠ ಹೇಳಿದರು. ಯುದ್ಧದಲ್ಲಿ ಬೂದಿಯಾಗಿದ್ದ ಆ ದೇಶ ಅದನ್ನು ಶ್ರದ್ಧೆಯಿಂದ ಪಾಲಿಸಿತು. ಜಪಾನಿನ ಮಾಲಿಗೆ ಬಂದ ಹೆಸರಿನ ಹಿಂದೆ ಈ ಪಾಠದ ಪಾಲೂ ಇದೆ.

ಕಣ್ಣಿಗೆ ಕಾಣದ ಮಾಲು

ಇನ್ನು ಸಾಫ್ಟ್‌ವೇರ್ ವಿಷಯ. ಹಾಲಾದರೆ ಕ್ಯಾನಿನಲ್ಲಿ ಕಾಣುತ್ತದೆ. ಸಾಫ್ಟ್‌ವೇರ್ ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಆದೇಶಗಳ ಕಂತೆ. ಅರ್ಧ ಮುಗಿಯಿತೋ, ಮುಕ್ಕಾಲು ಮುಗಿಯಿತೋ ಅಂತ ನೋಡಿ ಹೇಳಲಾಗದು. ಆರು ತಿಂಗಳು ಅಂದ ಕೆಲಸ ಎರಡು ವರ್ಷ ಎಳೆದ ಉದಾಹರಣೆಗಳಿಗೆ ಕೊರತೆಯಿಲ್ಲ.

ಐಬಿಎಂ ಕಂಪನಿಯಲ್ಲಿ ಬಹುಕಾಲ ದುಡಿದ ವಾಟ್ಸ್ ಹಂಫ್ರಿ ಎಂಬುವರು 1986ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ಸೇರಿದರು. ಶೂಹಾರ್ಟ್, ಡೆಮಿಂಗ್ ಮುಂತಾದವರ ದಾರಿಯಲ್ಲೇ ಸಾಫ್ಟ್‌ವೇರ್ ಕೆಲಸಕ್ಕೂ ಐದು ಮೆಟ್ಟಿಲು ಕಟ್ಟಿದರು. ಮೊದಲನೆಯದರಲ್ಲಿ ಎಲ್ಲವೂ ಗೊಂದಲ. ನಾಲ್ಕನೆಯದರಲ್ಲಿ ಕೆಲಸವನ್ನು ಅಳತೆಯಿಂದಲೇ ನಡೆಸುವುದು. ಎಷ್ಟು ದಿನ ಅಂದಿದ್ದೆವು, ಎಷ್ಟು ಹಿಡಿಯಿತು? ಒಂದು ಸಾವಿರ ಸಾಲಿಗೆ ಎಷ್ಟು ದೋಷ ಸಿಕ್ಕಿತು? ಬರೆದಾಗಲೇ ಸಿಕ್ಕಿತೋ, ಗಿರಾಕಿಗೆ ಕೊಟ್ಟ ಮೇಲೆ ಸಿಕ್ಕಿತೋ? ಈ ಅಂಕಿಗಳನ್ನು ಗೆರೆಗಳ ನಡುವೆ ಇಟ್ಟು ನೋಡುವುದು. ಐದನೆಯದರಲ್ಲಿ ಆ ಅಂಕಿಗಳಿಂದ ಪದ್ಧತಿಯನ್ನೇ ಸುಧಾರಿಸುತ್ತಾ ಹೋಗುವುದು. 1990ರ ದಶಕದಲ್ಲಿ ಬೆಂಗಳೂರಿನ ಕಂಪನಿಗಳು ಈ ಮೆಟ್ಟಿಲು ಹತ್ತಿಯೇ ಹೊರದೇಶದ ಗಿರಾಕಿಗಳ ನಂಬಿಕೆ ಗಳಿಸಿದವು. ಅಲ್ಲಿನ ಮೊಟೊರೋಲಾ ಘಟಕ ಆ ದಶಕದ ಆರಂಭದಲ್ಲೇ ಐದನೇ ಮೆಟ್ಟಿಲು ಮುಟ್ಟಿತ್ತು.

ಆದರೆ ಎಚ್ಚರಿಕೆಯೂ ಬೇಕು. ಒಬ್ಬ ಹುಡುಗ ದಿನಕ್ಕೆ ಎಷ್ಟು ಸಾಲು ಬರೆದ ಅಂತ ಎಣಿಸಿ ಸಂಬಳ ಕೊಟ್ಟರೆ ಹತ್ತು ಸಾಲಿನ ಕೆಲಸವನ್ನು ಐವತ್ತು ಸಾಲಿಗೆ ಎಳೆಯುತ್ತಾನೆ. ದೋಷ ತೋರಿಸಿದವನಿಗೇ ದಂಡ ಹಾಕಿದರೆ ದೋಷ ಮುಚ್ಚಿಡುತ್ತಾರೆ. ಅಳತೆ ಬೆತ್ತವಾದರೆ ಅಂಕಿ ಸುಳ್ಳಾಗುತ್ತದೆ. ಸುಳ್ಳು ಅಂಕಿ ಇಟ್ಟುಕೊಂಡು ಯಾವ ಕೆಲಸವನ್ನೂ ನಡೆಸಲಾಗದು. ಕೆಲಸವನ್ನು ಅಳೆಯುವುದು ಕೆಲಸ ಸುಧಾರಿಸಲಿಕ್ಕೆ, ಕೆಲಸಗಾರನನ್ನು ಹಿಡಿದು ನಿಲ್ಲಿಸಲಿಕ್ಕಲ್ಲ.

1967ರ ಮಾರ್ಚ್ 11ರಂದು, ನ್ಯೂಜೆರ್ಸಿಯ ಟ್ರಾಯ್ ಹಿಲ್ಸ್‌ನಲ್ಲಿ, ಎಪ್ಪತ್ತಾರಕ್ಕೆ ಒಂದು ವಾರವಿರುವಾಗ ಶೂಹಾರ್ಟರು ತೀರಿಕೊಂಡರು. ಮನೆಮಾತಾಗುವಷ್ಟು ಪ್ರಚಾರ ಅವರಿಗೆ ಸಿಗಲಿಲ್ಲ. ಆದರೆ ಅವರ ಎರಡು ಗೆರೆಗಳು ಸಮುದ್ರ ದಾಟಿ ನಮ್ಮ ಮಕ್ಕಳ ಕಂಪ್ಯೂಟರಿನವರೆಗೂ ಬಂದಿವೆ.

ಇಪ್ಪತ್ತೈದು ವರ್ಷದ ನಮ್ಮ ಸಂಘದ ರಿಜಿಸ್ಟರುಗಳು ಬೀರುವಿನಲ್ಲಿ ಸಾಲಾಗಿ ಕೂತಿವೆ. ಲೀಟರು, ಡಿಗ್ರಿ, ಫ್ಯಾಟು ಎಲ್ಲವೂ ಅದರಲ್ಲಿದೆ. ಈ ಬೆಳ್ಳಿಹಬ್ಬದ ನೆನಪಿಗೆ, ಕಾಲೇಜಿಗೆ ಹೋಗುವ ನಮ್ಮೂರ ಹುಡುಗ ಹುಡುಗಿಯರು ಕೂತು ಆ ಅಂಕಿಗಳಿಗೆ ಒಂದು ನಕ್ಷೆ ಬರೆದು ಡೈರಿ ಗೋಡೆಗೆ ತೂಗುಹಾಕಲಿ ಎಂಬುದು ನಮ್ಮ ಕೋರಿಕೆ. ಅಂಕಿ ಗೆರೆಯೊಳಗಿದ್ದರೆ ಜಗಳ ಬೇಡ, ಗೆರೆ ದಾಟಿದರೆ ಉದಾಸೀನ ಬೇಡ. ಅಂದು ನಾವು ಬಿಡಿಸಿ ಕಳಿಸಿದ ಆ ಪರೀಕ್ಷಕನಿಗೆ ಈ ಪುಟದ ಮೂಲಕ ಕ್ಷಮೆ ಕೇಳುತ್ತೇವೆ. ಇನ್ನು ಮುಂದೆ ಯಾರಿಗೂ ಹಾಗಾಗದಿರಲಿ. ಸಂಘ ಚಿರಾಯುವಾಗಲಿ. ಜೈ ಸಹಕಾರ!